ಒಂದು ಹೆಸರು, ಎರಡು ಜೀವಿಗಳು

ಜನರು ಪ್ರಾಣಿಗಳಿಗೆ ಸಾಮಾನ್ಯವಾಗಿ ಅವುಗಳ ರೂಪವನ್ನು ನೋಡಿ ಹೆಸರಿಡುತ್ತಾರೆ. ಇಂತಹ ಹೆಸರುಗಳು ನೆನಪಿನಲ್ಲಿ ಸುಲಭವಾಗಿ ಉಳಿಯುತ್ತವೆ. ಆದರೆ ಜೀವಿಗಳ ನಡುವಿನ ಸಂಬಂಧವನ್ನು ಅವು ಯಾವಾಗಲೂ ತಿಳಿಸಲಾರವು. 'ಕತ್ತಿಬಾಲ' ಎಂಬ ಅರ್ಥವುಳ್ಳ ಇಂಗ್ಲಿಷಿನ 'ಸೋರ್ಡ್‌ಟೇಲ್' ಎಂಬ ಹೆಸರು ಇದಕ್ಕೆ ಉತ್ತಮ ನಿದರ್ಶನ. ಸಿಹಿನೀರಿನ ಮೀನಿಗೂ ಕೆಲವು ಚಿಟ್ಟೆಗಳಿಗೂ ಈ ಹೆಸರು ಸಲ್ಲುತ್ತದೆ.

ಗಾಜಿನ ತೊಟ್ಟಿಗಳಲ್ಲಿ ಸಾಕುವ ಕತ್ತಿಬಾಲದ ಮೀನಿನ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ತೊರೆಗಳು. 1848ರಲ್ಲಿ ಹೆಕೆಲ್ ಎಂಬ ವಿಜ್ಞಾನಿಯು ಇದಕ್ಕೆ 'ಕ್ಸಿಫೋಫೋರಸ್ ಹೆಲ್ಲೆರಿ' ಎಂಬ ಹೆಸರನ್ನಿತ್ತನು. ಗಂಡುಮೀನಿನ ಬಾಲದ ಕೆಳಭಾಗವು ನೀಳವಾಗಿ ಬೆಳೆದು ಕತ್ತಿಯಂತೆ ಕಾಣುತ್ತದೆ. ಹೆಣ್ಣಿಗೆ ಈ ಕತ್ತಿಯಿಲ್ಲ. ಉದ್ದ ಕತ್ತಿಯ ಗಂಡನ್ನು ಹೆಣ್ಣು ಹೆಚ್ಚಾಗಿ ಮೆಚ್ಚುವುದೆಂದು ಪ್ರಯೋಗಗಳು ತೋರಿಸಿವೆ. ಈ ಮೀನು ಮೊಟ್ಟೆಯಿಡದೆ ಮರಿಗಳನ್ನೇ ಹಾಕುತ್ತದೆ.

ಇದೇ ಹೆಸರಿನ ಚಿಟ್ಟೆಗಳಾದರೋ ನಮ್ಮ ನಾಡಿನವೇ. ಐದು ಪಟ್ಟೆಗಳ ಕತ್ತಿಬಾಲ, ಅಂದರೆ 'ಗ್ರಾಫಿಯಮ್ ಆಂಟಿಫೇಟಿಸ್', ಪಶ್ಚಿಮ ಘಟ್ಟಗಳಲ್ಲಿಯೂ ಈಶಾನ್ಯ ಭಾರತದಲ್ಲಿಯೂ ವಾಸಿಸುತ್ತದೆ. ಇಲ್ಲಿ ಗಂಡು ಹೆಣ್ಣು ಎರಡರ ಹಿಂಬದಿಯ ರೆಕ್ಕೆಗಳಿಂದಲೂ ನೀಳವಾದ ಬಾಲಗಳು ಹೊರಡುತ್ತವೆ. ಇಂತಹ ಬಾಲಗಳು ಹಕ್ಕಿಯ ಕೊಕ್ಕನ್ನು ದೇಹದಿಂದ ದೂರಕ್ಕೆ ಸೆಳೆಯುತ್ತವೆ. ಬಾಲ ಹರಿದರೂ ಚಿಟ್ಟೆ ಬದುಕುಳಿಯಬಹುದು. ಇದರ ಮರಿಹುಳು ಸೀತಾಫಲದ ಕುಟುಂಬಕ್ಕೆ ಸೇರಿದ ಕಾಡುಗಿಡಗಳ ಎಲೆಯನ್ನು ತಿಂದು ಬೆಳೆಯುತ್ತದೆ.

ಹೀಗೆ ಹೆಸರು ಒಂದೇ ಆದರೂ ಬಾಲದ ಪ್ರಯೋಜನ ಬೇರೆ, ಜೀವನಕ್ರಮ ಬೇರೆ, ತವರೂ ಬೇರೆ. ಈ ಗೊಂದಲವನ್ನು ನಿವಾರಿಸುವುದು ಎರಡು ಪದಗಳ ವೈಜ್ಞಾನಿಕ ನಾಮ. ಪ್ರಾಣಿಗಳಿಗೆ ಹೆಸರಿಡುವ ಈ ಪದ್ಧತಿಗೆ ಲಿನೇಯಸ್‌ನ 1758ರ ಗ್ರಂಥವೇ ಆಧಾರ. ಮೊದಲ ಪದವು ಜಾತಿಯನ್ನು ಸೂಚಿಸಿದರೆ, ಎರಡು ಪದಗಳೂ ಕೂಡಿ ಪ್ರಭೇದವನ್ನು ಗುರುತಿಸುತ್ತವೆ. ಪ್ರಾಣಿಗಳ ಒಂದು ಜಾತಿಯ ಹೆಸರನ್ನು ಇನ್ನೊಂದು ಜಾತಿಗೆ ಇಡುವಂತಿಲ್ಲ.

ಈ ತಿಳಿವಳಿಕೆ ಕೇವಲ ವಿದ್ವಾಂಸರಿಗೆ ಬೇಕಾದುದಲ್ಲ. ಸಾಕಿದ ಕತ್ತಿಬಾಲದ ಮೀನುಗಳನ್ನು ಹೊರಗೆ ಬಿಟ್ಟುದರಿಂದ ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳ ನೀರಿನಲ್ಲಿ ಅವು ನೆಲೆಯೂರಿವೆ. ಹೊರಗಿನ ಮೀನು ಆಹಾರಕ್ಕಾಗಿ ಸ್ಥಳೀಯ ಮೀನಿನೊಡನೆ ಸ್ಪರ್ಧಿಸಬಹುದು, ರೋಗವನ್ನೂ ತರಬಹುದು. ಆದುದರಿಂದ ಮನೆಯಲ್ಲಿ ಸಾಕಿದ ಮೀನು ಹೆಚ್ಚಾದಾಗ ಅದನ್ನು ಕೆರೆಗಾಗಲಿ ನದಿಗಾಗಲಿ ಬಿಡದೆ, ಸಾಕಬಲ್ಲ ಇನ್ನೊಬ್ಬರಿಗೆ ಕೊಡುವುದು ಯುಕ್ತ. ಚಿಟ್ಟೆಗೆ ಬೇಕಾದುದು ಇದಕ್ಕೆ ವಿರುದ್ಧವಾದುದು: ಅದು ತನ್ನ ಕಾಡಿನಲ್ಲಿಯೇ ಇರಬೇಕು, ಅದರ ಮರಿಹುಳುವನ್ನು ಪೋಷಿಸುವ ಗಿಡಗಳೂ ಅಲ್ಲಿಯೇ ಉಳಿಯಬೇಕು.