ಬೈಬಲ್ ಚಿತ್ರ ತೋರಿಸುವ ಮುನ್ನ ಬೈಬಲ್ ತೆರೆಯಿರಿ

ಬೈಬಲ್ ಕಥೆಯ ಚಿತ್ರವೊಂದನ್ನು ಸಂಡೇ ಸ್ಕೂಲಿನಲ್ಲೋ ಮನೆಯಲ್ಲೋ ತೋರಿಸುವ ಮೊದಲು ಎರಡು ವಿಷಯ ಪರಿಶೀಲಿಸಬೇಕು: ಅದು ಮೂಲಕ್ಕೆ ಎಷ್ಟು ನಿಷ್ಠವಾಗಿದೆ, ಯಾವ ವಯಸ್ಸಿನವರಿಗೆ ತಕ್ಕುದಾಗಿದೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಮೂಲಕ್ಕೆ ನಿಷ್ಠವಾದ ಚಿತ್ರವೆಲ್ಲ ಮಕ್ಕಳಿಗೆ ಒಗ್ಗುವುದಿಲ್ಲ.

ಮೊದಲಿಗೆ ಚಿತ್ರ ಯಾವ ಜಾತಿಯದೆಂದು ತಿಳಿಯಬೇಕು. 1979ರ ‘ಜೀಸಸ್’ ಲೂಕನ ಸುವಾರ್ತೆಯನ್ನು ಆಧರಿಸಿದೆ. 2003ರ ‘ದ ಗಾಸ್ಪೆಲ್ ಆಫ್ ಜಾನ್’ ಯೋಹಾನನ ಸುವಾರ್ತೆಯ ಪಠ್ಯವನ್ನೇ ಮಾತು ಮತ್ತು ನಿರೂಪಣೆಯಾಗಿ ಬಳಸಿದೆ. ‘ದ ಚೋಸನ್’ ಸರಣಿ ಶಿಷ್ಯರ ಮನೆವಾರ್ತೆ, ಸಾಲಸೋಲಗಳನ್ನು ಕಲ್ಪಿಸಿ ಹೆಣೆಯುತ್ತದೆ. ಮೂರನ್ನೂ ಒಂದೇ ಅಳತೆಯಲ್ಲಿ ಅಳೆಯಲಾಗದು.

ಮುಂದಿನ ಹೆಜ್ಜೆ, ಆಯಾ ಅಧ್ಯಾಯಗಳನ್ನು ಓದಿಕೊಳ್ಳುವುದು. ಬಹುಪಾಲು ಜನ ಎಡವುವುದು ಇಲ್ಲೇ. ಕಥೆ ಗೊತ್ತಿದೆಯಲ್ಲ ಎಂದು ನೆನಪಿನ ಮೇಲೇ ತೀರ್ಪು ಕೊಟ್ಟುಬಿಡುತ್ತಾರೆ. ಆ ನೆನಪಾದರೋ ಹಿಂದೆ ನೋಡಿದ ಚಿತ್ರಗಳಿಂದ, ಕ್ರಿಸ್ಮಸ್ ನಾಟಕಗಳಿಂದ ಬಂದದ್ದು. ಮತ್ತಾಯನ ಸುವಾರ್ತೆ ಮೂಡಣದ ಜ್ಞಾನಿಗಳು ಎಷ್ಟು ಮಂದಿ ಎಂದು ಹೇಳುವುದಿಲ್ಲ. ಮಗ್ದಲದ ಮರಿಯಳಿಂದ ಏಳು ದೆವ್ವಗಳು ಹೊರಟುಹೋಗಿದ್ದವು ಎನ್ನುವ ಲೂಕ ಆಕೆಯನ್ನು ವೇಶ್ಯೆ ಎನ್ನುವುದಿಲ್ಲ. ಮೋಶೆಯ ಕಾಲದ ಫರೋಹನ ಹೆಸರು ವಿಮೋಚನಕಾಂಡದಲ್ಲಿ ಇಲ್ಲವೇ ಇಲ್ಲ. ಅಲ್ಲಿ ರಾಮ್ಸೇಸ್ ಎಂಬುದು ಊರಿನ ಹೆಸರು. ಫರೋಹನನ್ನು ರಾಮ್ಸೇಸ್ ಎಂದು ಕರೆಯುವ ಚಿತ್ರ ನೆನಪಿಗೆ ತಾಳೆಯಾಗುತ್ತದೆ, ಆದ್ದರಿಂದ ‘ಸರಿಯಾಗಿದೆ’ ಎನಿಸಿಕೊಳ್ಳುತ್ತದೆ. ಓದದೆ ಕೊಡುವ ತೀರ್ಪಿಗೆ ಬೆಲೆಯಿಲ್ಲ.

1998ರ ಅನಿಮೇಷನ್ ಚಿತ್ರ ‘ದ ಪ್ರಿನ್ಸ್ ಆಫ್ ಈಜಿಪ್ಟ್’ ಓದಿ ಹೋಲಿಸುವ ಅಭ್ಯಾಸಕ್ಕೆ ಒಳ್ಳೆಯ ಪಾಠ. ಕೂಸು ಮೋಶೆಯನ್ನು ನೀರಿನಿಂದ ಎತ್ತಿಕೊಳ್ಳುವವಳು ಮೂಲದಲ್ಲಿ ಫರೋಹನ ಮಗಳು, ಚಿತ್ರದಲ್ಲಿ ಅವನ ರಾಣಿ. ಫರೋಹನ ಮುಂದೆ ಕೋಲನ್ನು ಬಿಸಾಡುವವನು ಮೂಲದಲ್ಲಿ ಆರೋನ, ಚಿತ್ರದಲ್ಲಿ ಮೋಶೆ. ಆಗ ಮೋಶೆಗೆ 80 ವರ್ಷ ಎಂದು ವಿಮೋಚನಕಾಂಡ ಹೇಳಿದರೆ, ತೆರೆಯ ಮೇಲಿರುವವನು ಹರೆಯದವನು. ಇವನ್ನೆಲ್ಲ ಗುರುತು ಹಾಕಿಕೊಂಡ ಮೇಲೆ ಮೂರು ಗುಂಪು ಮಾಡಬೇಕು: ಮೂಲಕ್ಕೆ ವಿರುದ್ಧವಾದವು, ಮೂಲ ಮೌನವಾಗಿರುವ ಕಡೆ ತುಂಬಿದವು, ಬಿಟ್ಟುಬಿಟ್ಟವು.

ಬಿಟ್ಟವು ಬೇಗ ಕಣ್ಣಿಗೆ ಬೀಳುವುದಿಲ್ಲ. ಮೂಲದಲ್ಲಿ ಕೂಸಿನ ಅಕ್ಕ ಹೆತ್ತ ತಾಯಿಯನ್ನೇ ದಾದಿಯಾಗಿ ಕರೆತರುತ್ತಾಳೆ. ತಾಯಿ ಮೊಲೆಯೂಡಿಸಿ ಬೆಳೆಸುತ್ತಾಳೆ. ಚಿತ್ರ ಇದನ್ನು ಬಿಟ್ಟಿದೆ. ಬಿಟ್ಟಿದ್ದರಿಂದಲೇ ತಾನು ಇಬ್ರಿಯನೆಂಬುದು ಮೋಶೆಗೆ ಗೊತ್ತಿಲ್ಲದ ಕಥೆಗೆ ದಾರಿಯಾಗಿದೆ. ಮತ್ತೊಂದು ವ್ಯತ್ಯಾಸ ಇನ್ನೂ ಭಾರವಾದದ್ದು. ಮೂಲದಲ್ಲಿ ಮೋಶೆ ಸುತ್ತಮುತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಐಗುಪ್ತ್ಯನನ್ನು ಕೊಂದು ಮರಳಿನಲ್ಲಿ ಮುಚ್ಚಿಡುತ್ತಾನೆ. ಚಿತ್ರದಲ್ಲಿ ಮೋಶೆ ತಳ್ಳಿದ ಕಾವಲುಗಾರ ಆಕಸ್ಮಿಕವಾಗಿ ಅಟ್ಟಣಿಗೆಯಿಂದ ಬಿದ್ದು ಸಾಯುತ್ತಾನೆ. ರಾಣಿಯೋ ರಾಜಕುಮಾರಿಯೋ ಎಂಬುದರಿಂದ ಅರ್ಥ ಕೆಡುವುದಿಲ್ಲ; ಕೊಲೆ ಆಕಸ್ಮಿಕವಾದರೆ ದೇವರು ಎಂಥವನನ್ನು ಕರೆದನೆಂಬುದೇ ಮಸುಕಾಗುತ್ತದೆ. ತೂಗಬೇಕಾದದ್ದು ಹೀಗೆ; ವ್ಯತ್ಯಾಸಗಳನ್ನು ಎಣಿಸಿ ಅಂಕ ಕೊಡುವುದರಿಂದ ಪ್ರಯೋಜನವಿಲ್ಲ. ಇಷ್ಟಾಗಿಯೂ ಇದು ತೋರಿಸತಕ್ಕ ಚಿತ್ರವೇ. ಕಥೆಗೆ ಹೊಂದಿಸಿಕೊಳ್ಳಲು ಸ್ವಾತಂತ್ರ್ಯ ವಹಿಸಿದ್ದೇವೆಂದು ಅದು ಆರಂಭದಲ್ಲೇ ಹೇಳಿಕೊಳ್ಳುತ್ತದೆ.

ಇನ್ನು ವಯಸ್ಸಿನ ಮಾತು. ಪ್ರಮಾಣಪತ್ರ ನೋಡಬೇಕು, ಭಾರತದಲ್ಲಿ ಈಗ ಯುಎ ವರ್ಗ 7+, 13+, 16+ ಎಂದು ವಿಂಗಡಣೆಯಾಗಿದೆ. ಅದಷ್ಟೇ ಸಾಲದು. ಅನಿಮೇಷನ್ ಎಂದರೆ ಪುಟ್ಟ ಮಕ್ಕಳದೆಂಬ ನಂಬಿಕೆ ತಪ್ಪು: ‘ದ ಪ್ರಿನ್ಸ್ ಆಫ್ ಈಜಿಪ್ಟ್’ನಲ್ಲಿ ಮೋಶೆ ಕಾಣುವ ಕನಸಿನಲ್ಲಿ ಗೋಡೆಯ ಚಿತ್ರಗಳು ಜೀವ ತಳೆದು, ಕೂಸುಗಳನ್ನು ಮೊಸಳೆಗಳ ಬಾಯಿಗೆ ಎಸೆಯಲಾಗುತ್ತದೆ. ಯೋಹಾನನು ಒಂದೇ ವಾಕ್ಯದಲ್ಲಿ ಹೇಳುವ ಕೊರಡೆಯ ಹೊಡೆತ 2004ರ ‘ದ ಪ್ಯಾಶನ್ ಆಫ್ ದ ಕ್ರೈಸ್ಟ್’ನಲ್ಲಿ ನಿಮಿಷಗಟ್ಟಲೆ ರಕ್ತಸಿಕ್ತವಾಗಿ ಸಾಗುತ್ತದೆ. ಗುಡ್ ಫ್ರೈಡೆಯೆಂದು ಅದನ್ನು ಎಳೆಯರ ಮುಂದೆ ಹಾಕುವುದು ಸಲ್ಲದು. ಯೆಹೂದ್ಯರನ್ನು ಇಡಿಯಾಗಿ ದೋಷಿಗಳನ್ನಾಗಿ ತೋರಿಸುತ್ತದೆಂಬ ಆಕ್ಷೇಪವೂ ಆ ಚಿತ್ರದ ಮೇಲಿದೆ. ದೊಡ್ಡವರ ಜೊತೆ ಅದನ್ನು ಚರ್ಚಿಸಲೇಬೇಕು.

ಕೊನೆಯದಾಗಿ, ಡಬ್ಬಿಂಗ್ ಆವೃತ್ತಿಯಾದರೆ ತೋರಿಸುವ ಪ್ರತಿಯನ್ನೇ ಪೂರ್ತಿ ನೋಡಿರಬೇಕು. ನಿಲ್ಲಿಸಬೇಕಾದ ಜಾಗಗಳನ್ನು, ಅಲ್ಲಿ ಓದಬೇಕಾದ ವಚನಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.