'ನೀರು' ಹುಡುಕಿದರೆ 'ನೀರಿನ' ಏಕೆ ಸಿಗುವುದಿಲ್ಲ?

ಮಕ್ಕಳೇ, ವಚನಕಾರ ದೇವರ ದಾಸಿಮಯ್ಯನವರ ಹೆಸರು ಕೇಳಿದ್ದೀರಲ್ಲವೇ? ಈ ನೇಕಾರರ ಊರು ನಮ್ಮ ಯಾದಗಿರಿ ಜಿಲ್ಲೆಯ ಮುದನೂರು. ಮುದನಾಳದ ವಿದ್ಯಾರ್ಥಿನಿಯೊಬ್ಬಳು ನೀರಿನ ಮಾತು ಬರುವ ವಚನಗಳನ್ನೆಲ್ಲ ಹುಡುಕಬೇಕು ಎಂದುಕೊಳ್ಳಿ. ಕರ್ನಾಟಕ ಸರ್ಕಾರ ಪ್ರಕಟಿಸಿದ 'ಸಮಗ್ರ ವಚನ ಸಂಪುಟ'ದಲ್ಲಿ 15 ದೊಡ್ಡ ಪುಸ್ತಕಗಳಿವೆ. ಪುಟ ತಿರುವುತ್ತಾ ಹೋದರೆ ಎಷ್ಟು ದಿನ ಬೇಕು! ಗಣಕಯಂತ್ರವಾದರೆ ಕ್ಷಣದಲ್ಲಿ ಹುಡುಕುತ್ತದೆ. ಹೇಗೆ?

ಚಿತ್ರವೋ, ಅಕ್ಷರವೋ?

ಪುಟದ ಫೋಟೋ ತೆಗೆದು ಗಣಕಯಂತ್ರದಲ್ಲಿ ಇಡಬಹುದು. ನಾವು ಅದನ್ನು ಓದಬಲ್ಲೆವು. ಗಣಕಕ್ಕೆ ಮಾತ್ರ ಅದು ಚುಕ್ಕೆಗಳ ರಾಶಿ. ಮೊಬೈಲಿನಲ್ಲಿ ಆ ಪುಟ ಬಹಳ ಚಿಕ್ಕದಾಗಿ ಕಾಣುತ್ತದೆ. ಹಿಗ್ಗಿಸಿದರೆ ಸಾಲು ಪರದೆಯ ಆಚೆ ಹೋಗುತ್ತದೆ.

ಅಕ್ಷರಗಳನ್ನೇ ಬೆರಳಚ್ಚು ಮಾಡಿ ಇಟ್ಟರೆ ಹಾಗಾಗುವುದಿಲ್ಲ. ಪರದೆ ದೊಡ್ಡದಿರಲಿ, ಚಿಕ್ಕದಿರಲಿ, ಅದರ ಅಗಲಕ್ಕೆ ತಕ್ಕಂತೆ ಸಾಲುಗಳು ಮುರಿದು ಜೋಡಣೆಯಾಗುತ್ತವೆ. 2007ರಲ್ಲಿ ಬಂದ 'ಇ-ಪಬ್' ಎಂಬ ಪುಸ್ತಕದ ರೂಪವೂ ಹೀಗೆಯೇ ಕೆಲಸ ಮಾಡುತ್ತದೆ.

ಅಕ್ಷರಕ್ಕೊಂದು ಸಂಖ್ಯೆ

ಗಣಕಯಂತ್ರ ಅಕ್ಷರವನ್ನು ಸಂಖ್ಯೆಯಾಗಿ ನೆನಪಿಡುತ್ತದೆ. ಮೊದಲು ಬೇರೆ ಬೇರೆ ಕನ್ನಡ ತಂತ್ರಾಂಶಗಳು ಬೇರೆ ಬೇರೆ ಸಂಖ್ಯೆ ಬಳಸುತ್ತಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು. 1991ರಲ್ಲಿ ಬಂದ 'ಯೂನಿಕೋಡ್' ಲೋಕದ ಲಿಪಿಗಳಿಗೆ ಒಂದೇ ಪಟ್ಟಿ ಮಾಡತೊಡಗಿತು. ಕನ್ನಡವೂ ಆಗಲೇ ಸೇರಿತು. ಆ ಪಟ್ಟಿಯಂತೆ:

ನೀರು = 3240, 3264, 3248, 3265
ನೀರಿನ = 3240, 3264, 3248, 3263, 3240

ಗಮನಿಸಿ. ಮೊದಲ 3 ಸಂಖ್ಯೆಗಳು ಎರಡರಲ್ಲೂ ಒಂದೇ. 4ನೆಯದು ಬೇರೆ. ಏಕೆಂದರೆ ಒಂದು ಉಕಾರ, ಇನ್ನೊಂದು ಇಕಾರ. ಗಣಕಕ್ಕೆ ಅರ್ಥ ತಿಳಿಯದು, ಸಂಖ್ಯೆ ಹೊಂದಿದರೆ ಮಾತ್ರ 'ಸಿಕ್ಕಿತು' ಎನ್ನುತ್ತದೆ. ಆದ್ದರಿಂದ 'ನೀರು' ಎಂದು ಕೇಳಿದರೆ 'ನೀರಿನ' ಇರುವ ವಚನ ತಪ್ಪಿಹೋಗುತ್ತದೆ. 'ನೀರ' ಎಂದು ಕೇಳಿದರೆ ಎರಡೂ ಸಿಗುತ್ತವೆ. ಆದರೆ ಬೇಡವಾದ 'ನೀರಸ'ವೂ ಜೊತೆಗೆ ಬರುತ್ತದೆ! ಅದಕ್ಕಾಗಿ ಪ್ರಕಾಶಕರು ಮೂಲಪದವನ್ನೂ ವಿಭಕ್ತಿ ಪ್ರತ್ಯಯಗಳನ್ನೂ ಗಣಕಕ್ಕೆ ಕಲಿಸಬೇಕಾಗುತ್ತದೆ. ನೀವು ಕಲಿಯುವ ವ್ಯಾಕರಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಬೆರಳಚ್ಚಿನಲ್ಲಿ ಒಂದು ಅಕ್ಷರ ತಪ್ಪಿದರೂ ಸಂಖ್ಯೆ ಬದಲಾಗುತ್ತದೆ. ಆಗ ವಚನ ಪುಸ್ತಕದಲ್ಲಿದ್ದರೂ ಹುಡುಕುವವರಿಗೆ ಇಲ್ಲದಂತೆಯೇ. ಆದ್ದರಿಂದ ಕರಡು ತಿದ್ದುವುದು ಬಹಳ ಮುಖ್ಯ.

ಮಾಡಿ ನೋಡಿ

ನಿಮ್ಮ ಕನ್ನಡ ಪಾಠವೊಂದರಲ್ಲಿ 'ಮರ' ಎಂಬ ಪದದ ಎಲ್ಲ ರೂಪಗಳನ್ನು ಪಟ್ಟಿ ಮಾಡಿ. ಪ್ರತಿ ರೂಪದ ಮುಂದೆ ಪುಟಸಂಖ್ಯೆ ಬರೆಯಿರಿ. 'ಮರ' ಎಂದು ಹುಡುಕಿದರೆ ಬೇಡವಾದ ಯಾವ ಪದಗಳು ಬರಬಹುದು? ಗೆಳೆಯರೊಂದಿಗೆ ಚರ್ಚಿಸಿ.