ರಕ್ತ ಹೆಪ್ಪುಗಟ್ಟದ ಹುಟ್ಟು ದೋಷ: ನಮ್ಮ ರಾಸುಗಳಲ್ಲಿ ಎಷ್ಟಿದೆ?

ಕರುವಿನ ಕಿವಿಗೆ ಓಲೆ ಹಾಕಿದ ಜಾಗದಿಂದ ಮರುದಿನವೂ ರಕ್ತ ಜಿನುಗುತ್ತಿದ್ದರೆ ಮನೆಯವರು ಗಾಬರಿಯಾಗುವುದು ಸಹಜ. "ಇದು ವಂಶದಿಂದ ಬಂದದ್ದೇ ಸಾರ್?" ಎಂದು ಸಂಘದ ಸಭೆಗಳಲ್ಲಿ ಕೇಳುವ ಸದಸ್ಯರಿದ್ದಾರೆ. ಬಹುಪಾಲು ಅಲ್ಲ. ರಕ್ತ ನಿಲ್ಲದಿದ್ದರೆ ಮೊದಲು ಸಂಶಯಿಸಬೇಕಾದ್ದು ಇಲಿಪಾಷಾಣವನ್ನು ಮತ್ತು ಕೊಳಕುಮಂಡಲ ಹಾವಿನ ಕಡಿತವನ್ನು. ಇವೆರಡಕ್ಕೂ ಮದ್ದುಂಟು, ಆದರೆ ತಡ ಮಾಡಬಾರದು. ಅರಿಶಿನ ಮೆತ್ತಿ ಕಾಯುತ್ತ ಕೂರದೆ ಕೂಡಲೇ ವೈದ್ಯರನ್ನು ಕರೆಸಿ.

ಹಾಗೆಂದು ವಂಶಪಾರಂಪರ್ಯ ದೋಷ ಇಲ್ಲವೇ ಇಲ್ಲವೆಂದಲ್ಲ. ಗಾಯವಾದಾಗ ರಕ್ತ ಗರಣೆಗಟ್ಟಲು ಹಲವು ಅಂಶಗಳು ಸರಪಳಿಯಂತೆ ಒಂದರ ಹಿಂದೊಂದು ಕೆಲಸ ಮಾಡಬೇಕು. ಅವುಗಳಲ್ಲಿ ಹನ್ನೊಂದನೆಯ ಅಂಶದ ಕೊರತೆ ಹೋಲ್‌ಸ್ಟೀನ್ ತಳಿಯಲ್ಲಿದೆ. 1969ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಹಸುಗಳಲ್ಲಿ ಇದನ್ನು ಮೊದಲು ವರದಿ ಮಾಡಿದರು. ವಂಶವಾಹಿಯಲ್ಲಿನ ತಪ್ಪು ಯಾವುದೆಂದು ಗೊತ್ತಾದದ್ದು 2004ರಲ್ಲಿ. ಅಲ್ಲಿ ಪರೀಕ್ಷಿಸಿದ ಹೋಲ್‌ಸ್ಟೀನ್ ಹಸುಗಳಲ್ಲಿ ಶೇ. 1.2ರಷ್ಟು ಈ ದೋಷದ ವಾಹಕಗಳಾಗಿದ್ದವು.

ವಾಹಕ ಎಂದರೇನು? ಕರುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ವಂಶವಾಹಿ ಬರುತ್ತದೆ. ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಆ ರಾಸು ವಾಹಕ. ನೋಡಲು ಗಟ್ಟಿಮುಟ್ಟು, ಹಾಲಿಗೂ ಕೊರತೆಯಿಲ್ಲ. ಎರಡೂ ಕೆಟ್ಟಿದ್ದರೆ ಮಾತ್ರ ರೋಗ. ರೋಗವಿದ್ದ ರಾಸೂ ಕೂಡಲೇ ಸಾಯುವುದಿಲ್ಲ. ಹೊಕ್ಕುಳಿನಿಂದ ಅಥವಾ ಕೊಂಬು ಕತ್ತರಿಸಿದಲ್ಲಿಂದ ರಕ್ತ ಹೆಚ್ಚು ಹೊತ್ತು ಸೋರುತ್ತದೆ, ಗಿಣ್ಣದ ಹಾಲು ನಸುಗೆಂಪಾಗಬಹುದು, ಹಸು ಪದೇ ಪದೇ ಬೆದೆಗೆ ತಿರುಗಬಹುದು. ಇವೆಲ್ಲ ಬೇರೆ ಕಾರಣಗಳಿಂದಲೂ ಆಗುವುದರಿಂದ ದೋಷ ಗುರುತಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ.

ನಮ್ಮ ದೇಶದಲ್ಲಿ ಎಷ್ಟು? ಸಾವಿರಕ್ಕೂ ಸ್ವಲ್ಪ ಹೆಚ್ಚು ದನ ಮತ್ತು ಎಮ್ಮೆಗಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ವಾಹಕವೆಂದು ಸಿಕ್ಕವು ಎರಡೇ, ಅವೂ ಮಿಶ್ರತಳಿ ಹಸುಗಳು. ಅಂದರೆ ದೋಷ ಅಪರೂಪ, ಆದರೆ ನಮ್ಮ ಹಿಂಡಿನೊಳಗೆ ಕಾಲಿಟ್ಟಿದೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಶಾಲೆಯಲ್ಲಿ ಬಿಟ್ಟ ಲೆಕ್ಕವೆಂದು ಬೇಸರ ಬೇಡ. ನೂರಕ್ಕೆ ಒಂದು ರಾಸು ವಾಹಕವೆಂದುಕೊಳ್ಳಿ. ಹಸು, ಹೋರಿ ಎರಡೂ ವಾಹಕವಾಗಿ ಕೂಡುವ ಸಂಭವ 10,000ಕ್ಕೆ ಒಂದು. ಅಂಥ ಜೋಡಿಯ ಕರುಗಳಲ್ಲಿ ನಾಲ್ಕಕ್ಕೆ ಒಂದಕ್ಕೆ ಮಾತ್ರ ರೋಗ. ಅಂದರೆ 40,000 ಕರುಗಳಲ್ಲಿ ಒಂದು. ಇದಕ್ಕೆ ಯಾರೂ ನಿದ್ದೆಗೆಡಬೇಕಿಲ್ಲ.

ಆದರೆ ಊರಿನಲ್ಲಿ ಸಾಕಿದ ಎಚ್.ಎಫ್. ಮಿಶ್ರತಳಿ ಹೋರಿಯೊಂದು ವಾಹಕವಾಗಿದ್ದರೆ? ಅದರ ಹೆಣ್ಣುಕರುಗಳಲ್ಲಿ ಅರ್ಧದಷ್ಟು ವಾಹಕಗಳಾಗುತ್ತವೆ. ಮೂರು ವರ್ಷ ಕಳೆದು ಆ ಕಡಸುಗಳು ಬೆದೆಗೆ ಬಂದಾಗ "ಮನೆ ಬಾಗಿಲಲ್ಲೇ ಇದೆಯಲ್ಲ" ಎಂದು ಅದೇ ಹೋರಿಗೆ ಬಿಡುತ್ತೇವೆ. ಆಗ ಹುಟ್ಟುವ ಕರುಗಳಲ್ಲಿ ಎಂಟಕ್ಕೆ ಒಂದಕ್ಕೆ ರೋಗ! ನಲವತ್ತು ಸಾವಿರಕ್ಕೆ ಒಂದು ಎಲ್ಲಿ, ಎಂಟಕ್ಕೆ ಒಂದು ಎಲ್ಲಿ? ಬೇರೆ ಊರಿನ ಸರಾಸರಿ ನಮ್ಮ ಕೊಟ್ಟಿಗೆಗೆ ಅನ್ವಯಿಸುವುದಿಲ್ಲವೆಂದು ನಾನು ಹೇಳುವುದು ಇದಕ್ಕೇ.

ಕೃತಕ ಗರ್ಭಧಾರಣೆಯಲ್ಲೂ ಒಂದೇ ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ಹೋಗುತ್ತದೆ ನಿಜ. ಅದಕ್ಕೆಂದೇ ವೀರ್ಯ ಕೇಂದ್ರಗಳ ಕನಿಷ್ಠ ಗುಣಮಟ್ಟದ ನಿಯಮಗಳಲ್ಲಿ ಹೋಲ್‌ಸ್ಟೀನ್ ರಕ್ತವಿರುವ ಹೋರಿಗಳಿಗೆ ಈ ದೋಷದ ಪರೀಕ್ಷೆಯನ್ನೂ ಸೇರಿಸಿದ್ದಾರೆ. ಊರ ಹೋರಿಗೆ ಈ ಪರೀಕ್ಷೆ ಮಾಡಿಸುವವರು ಯಾರು?

ಗರ್ಭಧಾರಣೆ ಮಾಡಿದಾಗ ನಳಿಕೆಯ ಮೇಲಿನ ಹೋರಿ ಸಂಖ್ಯೆಯನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಗಳು ಬೆದೆಗೆ ಬಂದ ದಿನ ಆ ಕಾರ್ಡನ್ನು ಕಾರ್ಯಕರ್ತರಿಗೆ ತೋರಿಸಿ, ಬೇರೆ ಸಂಖ್ಯೆಯ ನಳಿಕೆಯನ್ನೇ ಕೇಳಿ.